ಬಿಸಿಲಿದ್ದರೆ ಸಾಕೇ? ವಾಳೂಜ್ ಕಾರ್ಖಾನೆ, ಮರಾಠವಾಡದ ಹೊಲ ಹೇಳುವ ವಿದ್ಯುತ್ ಲೆಕ್ಕ

ಛತ್ರಪತಿ ಸಂಭಾಜಿನಗರ: ಸೌರಫಲಕ ಹಾಕಿದರೆ ಕರೆಂಟ್ ಸಮಸ್ಯೆ ಮುಗಿಯಿತು ಎನ್ನುವವರಿದ್ದಾರೆ. ಸೂರ್ಯ ಮುಳುಗಿದ ಮೇಲೆ ಏನು ಮಾಡುತ್ತೀರಿ ಎಂದು ಕೇಳುವವರೂ ಇದ್ದಾರೆ. ಭಾರತದಂತಹ ಬೆಳೆಯುತ್ತಿರುವ ದೇಶದ ವಿದ್ಯುತ್ ಕೊರತೆಯನ್ನು ನವೀಕರಿಸಬಹುದಾದ ಇಂಧನ ನೀಗಿಸಬಲ್ಲದೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಮಹಾರಾಷ್ಟ್ರದ ವಾಳೂಜ್ ಒಳ್ಳೆಯ ಜಾಗ. ಒಂದೆಡೆ ಮೂರು ಪಾಳಿಯಲ್ಲಿ ಓಡುವ ಕಾರ್ಖಾನೆಗಳು, ಇನ್ನೊಂದೆಡೆ ಬರಕ್ಕೆ ಹೆಸರಾದ ಮರಾಠವಾಡದ ಹೊಲಗಳು. ಇಬ್ಬರಿಗೂ ಬೇಕಿರುವುದು ಒಂದೇ ಕರೆಂಟ್. ಆದರೆ ಬೇಕಾದ ಹೊತ್ತು ಮಾತ್ರ ಬೇರೆ.

ಕನ್ನಡಿಗರಿಗೂ ಈ ಊರಿನ ಸುದ್ದಿ ದೂರದ್ದಲ್ಲ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ 2024ರ ಜುಲೈನಲ್ಲಿ ಸುಮಾರು 20,000 ಕೋಟಿ ರೂಪಾಯಿ ಹೂಡಿಕೆಯ ಒಪ್ಪಂದಕ್ಕೆ ಸಹಿ ಹಾಕಿದ್ದು ಇದೇ ಜಿಲ್ಲೆಗಾಗಿ. ಬೆಂಗಳೂರಿನ ಏಥರ್ ಎನರ್ಜಿ ತನ್ನ ಮುಂದಿನ ಸ್ಕೂಟರ್ ಕಾರ್ಖಾನೆಗೆ ಆರಿಸಿಕೊಂಡದ್ದೂ ಇಲ್ಲಿನ ಬಿಡಕಿನ್ ಕೈಗಾರಿಕಾ ಪ್ರದೇಶವನ್ನೇ. ಹೊಸ ಕಾರ್ಖಾನೆ ಎಂದರೆ ಹೊಸ ವಿದ್ಯುತ್ ಬೇಡಿಕೆ.

ಕೊರತೆಯ ದಿನಗಳು ಹೇಗಿದ್ದವು?

ವಾಳೂಜ್‌ನಲ್ಲಿ ಬಜಾಜ್ ಆಟೊ ಘಟಕ ಶುರುವಾಗಿದ್ದು 1985ರಲ್ಲಿ. ಅದರ ಸುತ್ತ ಬಿಡಿಭಾಗ ತಯಾರಿಸುವ ನೂರಾರು ಸಣ್ಣ ಘಟಕಗಳು ಬೆಳೆದವು. ಪ್ರೆಸ್, ಲೇತ್, ಹೀಟ್ ಟ್ರೀಟ್‌ಮೆಂಟ್, ಪೇಂಟಿಂಗ್, ಪ್ಲಾಸ್ಟಿಕ್ ಮೋಲ್ಡಿಂಗ್, ಎಲ್ಲಕ್ಕೂ ಕರೆಂಟೇ ಜೀವಾಳ.

2005ರಿಂದ ಕೆಲವು ವರ್ಷ ಮಹಾರಾಷ್ಟ್ರ ಭೀಕರ ಲೋಡ್ ಶೆಡ್ಡಿಂಗ್ ಕಂಡಿತು. ಬೇಡಿಕೆ ಹೆಚ್ಚಿರುವ ಹೊತ್ತಿನಲ್ಲಿ 4,000 ಮೆಗಾವ್ಯಾಟ್‌ಗೂ ಮೀರಿದ ಕೊರತೆ ಇತ್ತು. ಹಳ್ಳಿಗಳಲ್ಲಿ ದಿನದ ಅರ್ಧ ಹೊತ್ತು ಕರೆಂಟ್ ಇರುತ್ತಿರಲಿಲ್ಲ. ದೇಶದ ಸ್ಥಿತಿಯೂ ಹೆಚ್ಚು ಬೇರೆಯಿರಲಿಲ್ಲ. 2007-08ರಲ್ಲಿ ಭಾರತದ ಗರಿಷ್ಠ ಬೇಡಿಕೆಯಲ್ಲಿ ಶೇ 16.6ರಷ್ಟು ಕೊರತೆ ಇತ್ತು. 2012ರ ಜುಲೈ 30 ಮತ್ತು 31ರಂದು ಗ್ರಿಡ್ ಕುಸಿದು ಕೋಟಿಗಟ್ಟಲೆ ಜನ ಕತ್ತಲಲ್ಲಿ ಕುಳಿತರು.

ಇಂದು ಆ ಪ್ರಮಾಣದ ಕೊರತೆ ಇಲ್ಲ. 2024ರ ಮೇ 30ರಂದು ದೇಶ ಸುಮಾರು 250 ಗಿಗಾವ್ಯಾಟ್‌ನ ದಾಖಲೆ ಬೇಡಿಕೆಯನ್ನು ಪೂರೈಸಿತು. ಆದರೆ ಇದನ್ನು ಸಾಧ್ಯವಾಗಿಸಿದ್ದು ಸೌರವಿದ್ಯುತ್ ಒಂದೇ ಅಲ್ಲ. ಹೊಸ ಕಲ್ಲಿದ್ದಲು ಸ್ಥಾವರಗಳು, ರಾಜ್ಯ ರಾಜ್ಯಗಳ ನಡುವಿನ ಪ್ರಸರಣ ಮಾರ್ಗಗಳು, ವಿದ್ಯುತ್ ವಿನಿಮಯ ಕೇಂದ್ರಗಳು ಎಲ್ಲವೂ ಸೇರಿ ಆದ ಕೆಲಸ ಇದು.

ಸಾಮರ್ಥ್ಯ ಅರ್ಧ, ಉತ್ಪಾದನೆ ಯಾಕೆ ಅರ್ಧ ಅಲ್ಲ?

ಭಾರತದ ಒಟ್ಟು ವಿದ್ಯುತ್ ಸ್ಥಾಪಿತ ಸಾಮರ್ಥ್ಯದಲ್ಲಿ ಪಳೆಯುಳಿಕೆಯೇತರ ಮೂಲಗಳ ಪಾಲು 2025ರ ಮಧ್ಯಭಾಗದಲ್ಲಿ ಶೇ 50 ಮುಟ್ಟಿತು. ಸೌರ, ಪವನ, ಜಲ, ಅಣು ಎಲ್ಲವೂ ಇದರಲ್ಲಿ ಸೇರಿವೆ. ಹಾಗಿದ್ದರೂ 2024-25ರಲ್ಲಿ ನಾವು ಬಳಸಿದ ವಿದ್ಯುತ್‌ನಲ್ಲಿ ಶೇ 70ಕ್ಕೂ ಹೆಚ್ಚು ಬಂದಿದ್ದು ಕಲ್ಲಿದ್ದಲಿನಿಂದ.

ಕಾರಣ ಸರಳ. 100 ಮೆಗಾವ್ಯಾಟ್‌ನ ಸೌರ ಸ್ಥಾವರ 100 ಮೆಗಾವ್ಯಾಟ್ ಕೊಡುವುದು ಮಧ್ಯಾಹ್ನದ ಒಂದಷ್ಟು ಹೊತ್ತು ಮಾತ್ರ. ಬೆಳಗ್ಗೆ ಮತ್ತು ಸಂಜೆ ಕಡಿಮೆ, ರಾತ್ರಿ ಸೊನ್ನೆ. ಇಡೀ ವರ್ಷದ ಸರಾಸರಿ ತೆಗೆದರೆ ಸುಮಾರು 20 ಮೆಗಾವ್ಯಾಟ್ ಸಿಗುತ್ತದೆ. ಕಲ್ಲಿದ್ದಲು ಸ್ಥಾವರವನ್ನು ಇದರ ಮೂರು ನಾಲ್ಕು ಪಟ್ಟು ಹೆಚ್ಚು ಹೊತ್ತು ಓಡಿಸಬಹುದು. ಹಾಗಾಗಿ ಎರಡರ ಮೆಗಾವ್ಯಾಟ್ ಅಂಕಿಯನ್ನು ಪಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ತಪ್ಪುತ್ತದೆ.

ಕಾರ್ಖಾನೆಯ ಛಾವಣಿ ಎಷ್ಟು ಕೊಡುತ್ತದೆ?

ವಾಳೂಜ್‌ನಂಥ ಪ್ರದೇಶದ ಒಂದು ಸಾಧಾರಣ ಘಟಕವನ್ನು ಊಹಿಸಿಕೊಳ್ಳಿ.

- ಶೆಡ್ಡಿನ ಛಾವಣಿ 1,000 ಚದರ ಮೀಟರ್. ಇದರಲ್ಲಿ ಸುಮಾರು 100 ಕಿಲೋವ್ಯಾಟ್ ಫಲಕ ಕೂರಿಸಬಹುದು.
- ಇದರಿಂದ ದಿನಕ್ಕೆ ಸರಾಸರಿ 400 ಯೂನಿಟ್ ಸಿಗುತ್ತದೆ.
- ಘಟಕದ ಸರಾಸರಿ ಬಳಕೆ 200 ಕಿಲೋವ್ಯಾಟ್ ಇದ್ದು, ಮೂರು ಪಾಳಿ ನಡೆದರೆ ದಿನಕ್ಕೆ 4,800 ಯೂನಿಟ್ ಬೇಕು.

ಅಂದರೆ ಛಾವಣಿ ತುಂಬ ಫಲಕ ಹಾಕಿದರೂ ಸಿಗುವುದು ಒಟ್ಟು ಬಳಕೆಯ ಶೇ 8ರಷ್ಟು. ಹಗಲು ಪಾಳಿಯೊಂದನ್ನೇ ನೋಡಿದರೆ ಕಾಲು ಭಾಗ. ಬಿಲ್ ಇಳಿಯುವುದು ನಿಜ, ಘಟಕ ಸ್ವಾವಲಂಬಿ ಆಗುವುದಿಲ್ಲ.

ಇನ್ನೊಂದು ವಿಷಯ ಹಲವರಿಗೆ ಗೊತ್ತಿಲ್ಲ. ಬ್ಯಾಟರಿ ಇಲ್ಲದ ಸಾಮಾನ್ಯ ಗ್ರಿಡ್ ಸಂಪರ್ಕಿತ ಸೌರ ವ್ಯವಸ್ಥೆ, ಊರಿನ ಕರೆಂಟ್ ಹೋದರೆ ತಾನೂ ನಿಂತುಹೋಗುತ್ತದೆ. ಲೈನ್ ರಿಪೇರಿ ಮಾಡುವ ಲೈನ್‌ಮ್ಯಾನ್‌ಗೆ ಶಾಕ್ ಹೊಡೆಯಬಾರದು ಎಂದು ಇನ್ವರ್ಟರ್‌ನಲ್ಲೇ ಈ ರಕ್ಷಣೆ ಇರುತ್ತದೆ. ಟ್ರಾನ್ಸ್‌ಫಾರ್ಮರ್ ಸುಟ್ಟು ಕರೆಂಟ್ ಹೋದ ಮಧ್ಯಾಹ್ನ ತಲೆಯ ಮೇಲೆ ಬಿಸಿಲು ಉರಿಯುತ್ತಿದ್ದರೂ ಮಷಿನ್ ಓಡಿಸಲು ಡೀಸೆಲ್ ಜನರೇಟರ್ ಬೇಕೇ ಬೇಕು. ಉತ್ಪಾದನೆಯ ಕೊರತೆ ಬೇರೆ, ವಿತರಣೆಯ ದೋಷ ಬೇರೆ. ಸೌರಫಲಕ ಮೊದಲನೆಯದಕ್ಕೆ ಮದ್ದು, ಎರಡನೆಯದಕ್ಕೆ ಅಲ್ಲ.

ದೊಡ್ಡ ಬಳಕೆದಾರರಿಗೆ ಬೇರೆ ದಾರಿ ಇದೆ. 2022ರ ಹಸಿರು ಮುಕ್ತ ಪ್ರವೇಶ ನಿಯಮದ ಪ್ರಕಾರ 100 ಕಿಲೋವ್ಯಾಟ್‌ಗಿಂತ ಹೆಚ್ಚು ಬೇಡಿಕೆ ಇರುವವರು ದೂರದ ಸೌರ ಅಥವಾ ಪವನ ಘಟಕದಿಂದ ನೇರವಾಗಿ ವಿದ್ಯುತ್ ಕೊಳ್ಳಬಹುದು. ಮೊದಲು ಈ ಮಿತಿ 1 ಮೆಗಾವ್ಯಾಟ್ ಇತ್ತು.

ಹೊಲದಲ್ಲಿ ಲೆಕ್ಕ ಹೇಗೆ ಬದಲಾಗುತ್ತದೆ?

ಸೌರವಿದ್ಯುತ್ ಅತಿ ಹೆಚ್ಚು ಒಗ್ಗುವುದು ಪಂಪ್‌ಸೆಟ್‌ಗೆ. ಮಹಾರಾಷ್ಟ್ರದಲ್ಲಿ ವರ್ಷಗಳಿಂದ ಹೊಲಗಳಿಗೆ ಸರದಿಯ ಮೇಲೆ ತ್ರೀಫೇಸ್ ಕರೆಂಟ್ ಕೊಡಲಾಗುತ್ತಿದೆ. ಕೆಲವು ದಿನ ಹಗಲು ಎಂಟು ಗಂಟೆ, ಕೆಲವು ದಿನ ರಾತ್ರಿ ಹತ್ತು ಗಂಟೆ. ರಾತ್ರಿ ಸರದಿ ಬಂದರೆ ರೈತ ನಿದ್ದೆಗೆಟ್ಟು, ಕತ್ತಲಲ್ಲಿ ಹಾವು ಚೇಳಿನ ಭಯದಲ್ಲಿ ನೀರು ಕಟ್ಟಬೇಕು. ಉತ್ತರ ಕರ್ನಾಟಕದ ರೈತರಿಗೆ ಈ ಕಷ್ಟ ವಿವರಿಸಿ ಹೇಳಬೇಕಿಲ್ಲ.

ಇದಕ್ಕೆ ಪರಿಹಾರವಾಗಿ ಬಂದದ್ದು ಮುಖ್ಯಮಂತ್ರಿ ಸೌರ ಕೃಷಿ ವಾಹಿನಿ ಯೋಜನೆ. 2017ರಲ್ಲಿ ಶುರುವಾಗಿ, 2023ರಲ್ಲಿ ಎರಡನೇ ಆವೃತ್ತಿ ಪಡೆಯಿತು. ಕೃಷಿ ಫೀಡರ್ ಹೊರಡುವ ಸಬ್‌ಸ್ಟೇಷನ್ ಹತ್ತಿರವೇ ಸಣ್ಣ ಸೌರ ಸ್ಥಾವರ ಹಾಕಿ, ಆ ಫೀಡರ್‌ಗೆ ಹಗಲಿನಲ್ಲೇ ವಿದ್ಯುತ್ ಕೊಡುವುದು ಇದರ ಕ್ರಮ. ಎರಡನೇ ಆವೃತ್ತಿಯ ಮೊದಲ ಸ್ಥಾವರ ಚಾಲೂ ಆಗಿದ್ದು ಇದೇ ಜಿಲ್ಲೆಯ ವೈಜಾಪುರ ತಾಲ್ಲೂಕಿನ ಧೊಂಡಲಗಾಂವ್‌ನಲ್ಲಿ. ಸಾಮರ್ಥ್ಯ 3 ಮೆಗಾವ್ಯಾಟ್. 2024ರ ಅಕ್ಟೋಬರ್ 5ರಂದು ಪ್ರಧಾನಿ ನರೇಂದ್ರ ಮೋದಿ ಈ ಯೋಜನೆಯ ಒಟ್ಟು 19 ಮೆಗಾವ್ಯಾಟ್‌ನ ಐದು ಸೌರ ಪಾರ್ಕ್‌ಗಳನ್ನು ಲೋಕಾರ್ಪಣೆ ಮಾಡಿದರು.

ಇದರಲ್ಲಿ ಮೂರು ಲಾಭಗಳಿವೆ. ನೀರು ಹಾಯಿಸಲು ರಾತ್ರಿ ಎದ್ದು ಹೋಗಬೇಕಿಲ್ಲ. ಸ್ಥಾವರ ಹತ್ತಿರವೇ ಇರುವುದರಿಂದ ತಂತಿಯಲ್ಲಿ ಸೋರಿಹೋಗುವ ವಿದ್ಯುತ್ ಕಡಿಮೆ. ಬೆಲೆ ಯೂನಿಟ್‌ಗೆ 3 ರೂಪಾಯಿ ಆಸುಪಾಸು. ಜಮೀನು ಗುತ್ತಿಗೆ ಕೊಟ್ಟವರಿಗೆ ಹೆಕ್ಟೇರ್‌ಗೆ ವರ್ಷಕ್ಕೆ 1.25 ಲಕ್ಷ ರೂಪಾಯಿ ಸಿಗುತ್ತದೆ.

ಇಲ್ಲಿ ಬ್ಯಾಟರಿಯ ಅಗತ್ಯ ಹೆಚ್ಚಿಲ್ಲ ಎಂಬುದನ್ನು ಗಮನಿಸಿ. ಬಿಸಿಲಿದ್ದಾಗ ನೀರೆತ್ತಿದರೆ ಸಾಕು. ಕರ್ನಾಟಕವೂ ಪಿಎಂ ಕುಸುಮ್ ಅಡಿ ಇದೇ ಹಾದಿ ಹಿಡಿದಿದ್ದು, 2025ರ ಜೂನ್‌ನಲ್ಲಿ ಗೌರಿಬಿದನೂರು ತಾಲ್ಲೂಕಿನಲ್ಲಿ 20 ಮೆಗಾವ್ಯಾಟ್ ಘಟಕಕ್ಕೆ ಚಾಲನೆ ಸಿಕ್ಕಿದೆ.

ಆದರೆ ಒಂದು ಎಚ್ಚರಿಕೆ ಇದೆ. ಹಗಲು ಕರೆಂಟ್ ಧಾರಾಳವಾಗಿ ಸಿಕ್ಕರೆ ಅಂತರ್ಜಲ ಎತ್ತುವುದೂ ಧಾರಾಳವಾಗುತ್ತದೆ. ಮರಾಠವಾಡದ ಕೊಳವೆಬಾವಿಗಳು ಮೊದಲೇ ಬತ್ತುತ್ತಿವೆ. ಕರೆಂಟ್ ಸಮಸ್ಯೆ ನೀಗಿಸಲು ಹೋಗಿ ನೀರಿನ ಸಮಸ್ಯೆ ಹೆಚ್ಚಿಸಿಕೊಳ್ಳಬಾರದು.

ನೀರಿಗೂ ಕರೆಂಟಿಗೂ ಏನು ಸಂಬಂಧ?

ಬರದ ನಾಡಿನಲ್ಲಿ ಈ ಪ್ರಶ್ನೆ ಮುಖ್ಯ. ಬೀಡ್ ಜಿಲ್ಲೆಯ ಪರಳಿಯಲ್ಲಿರುವ ಶಾಖೋತ್ಪನ್ನ ಸ್ಥಾವರ 2013ರ ಬರದಲ್ಲಿ ನೀರಿಲ್ಲದೆ ನಿಂತುಹೋಯಿತು. ಆಗ ಕೈಕೊಟ್ಟಿದ್ದು ಕಲ್ಲಿದ್ದಲಲ್ಲ, ನೀರು. ಹಳೆಯ ಕಲ್ಲಿದ್ದಲು ಸ್ಥಾವರಗಳಿಗೆ 2015ರಲ್ಲಿ ಕೇಂದ್ರ ಹಾಕಿದ ಮಿತಿಯೇ ಯೂನಿಟ್‌ಗೆ 3.5 ಲೀಟರ್ ನೀರು. ಸೌರ ಸ್ಥಾವರಕ್ಕೆ ಫಲಕ ತೊಳೆಯಲು ಬೇಕಾಗುವುದು ಇದರ ಅತಿ ಸಣ್ಣ ಪಾಲು.

ಪೈಠಣದ ಬಳಿ ಗೋದಾವರಿಗೆ ಕಟ್ಟಿದ ಜಾಯಕವಾಡಿ ಜಲಾಶಯವೇ ಸಂಭಾಜಿನಗರದ ಕುಡಿಯುವ ನೀರಿಗೂ ಕೈಗಾರಿಕೆಗಳಿಗೂ ಆಸರೆ. ಮಳೆ ಕಡಿಮೆಯಾದ ವರ್ಷ ಮೇಲಿನ ನಾಸಿಕ್ ಮತ್ತು ಅಹಿಲ್ಯಾನಗರ ಜಿಲ್ಲೆಗಳ ಅಣೆಕಟ್ಟೆಗಳಿಂದ ನೀರು ಬಿಡುವ ವಿಚಾರಕ್ಕೆ ಜಗಳವೇ ನಡೆಯುತ್ತದೆ. ಕಾವೇರಿಯ ಗಲಾಟೆ ಕಂಡವರಿಗೆ ಇದು ಹೊಸದಲ್ಲ.

ಈಗ ಇದೇ ಜಲಾಶಯದ ಮೇಲೆ ತೇಲುವ ಸೌರ ಸ್ಥಾವರದ ಯೋಜನೆ ಬಂದಿದೆ. ಫಲಕಗಳು ನೀರಿಗೆ ನೆರಳಾಗಿ ಆವಿಯಾಗುವುದನ್ನು ತಗ್ಗಿಸುತ್ತವೆ, ಭೂಮಿಯೂ ಬೇಕಿಲ್ಲ ಎಂಬುದು ಪರವಾದ ವಾದ. ಆದರೆ ಜಾಯಕವಾಡಿ ಪಕ್ಷಿಧಾಮವೂ ಹೌದು. ಇಲ್ಲಿ ಮೀನು ಹಿಡಿದು ಬದುಕುವ ಸಮುದಾಯ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮೊರೆ ಹೋಗಿತ್ತು. ಅಲ್ಲಿ ಸೋತ ಮೇಲೆ ಸುಪ್ರೀಂ ಕೋರ್ಟ್‌ಗೆ ಹೋದರೂ 2025ರ ಮೇ ತಿಂಗಳಲ್ಲಿ ಅಲ್ಲೂ ಪರಿಹಾರ ಸಿಗಲಿಲ್ಲ. ಹಸಿರು ವಿದ್ಯುತ್ ಎಂದ ಮಾತ್ರಕ್ಕೆ ಯಾರ ಹೊಟ್ಟೆಗೂ ತಟ್ಟುವುದಿಲ್ಲ ಎಂದೇನಿಲ್ಲ.

ಸಂಜೆ ಏಳು ಗಂಟೆಯ ಪ್ರಶ್ನೆ

ನಿಜವಾದ ಪರೀಕ್ಷೆ ಇರುವುದು ಸಂಜೆ. ಮನೆಗಳಲ್ಲಿ ದೀಪ, ಫ್ಯಾನ್, ಎಸಿ ಶುರುವಾಗುವ ಹೊತ್ತಿಗೇ ಸೌರವಿದ್ಯುತ್ ಸೊನ್ನೆಗೆ ಇಳಿಯುತ್ತದೆ. ಆ ಹಳ್ಳವನ್ನು ತುಂಬುವ ದಾರಿಗಳು ಇವು:

- ಪವನ ವಿದ್ಯುತ್: ಧುಳೆ, ಸಾತಾರಾ, ಸಾಂಗ್ಲಿ ಕಡೆ ಮುಂಗಾರಿನಲ್ಲಿ ಗಾಳಿ ಜೋರು. ಮೋಡ ಕವಿದು ಸೌರ ಕುಗ್ಗುವ ತಿಂಗಳುಗಳಲ್ಲೇ ಗಾಳಿ ಕೈಹಿಡಿಯುತ್ತದೆ. ಆದರೆ ಬೇಸಿಗೆಯ ಸಂಜೆಗೆ ಅದನ್ನೇ ನಂಬಿ ಕೂರುವಂತಿಲ್ಲ.
- ಪಂಪ್ಡ್ ಸ್ಟೋರೇಜ್: ಹಗಲಿನ ಹೆಚ್ಚುವರಿ ವಿದ್ಯುತ್‌ನಿಂದ ನೀರನ್ನು ಮೇಲಿನ ಜಲಾಶಯಕ್ಕೆ ಎತ್ತಿ, ಸಂಜೆ ಕೆಳಗೆ ಬಿಟ್ಟು ವಿದ್ಯುತ್ ತೆಗೆಯುವುದು. ನಾಸಿಕ್‌ಗೆ ದೂರವಲ್ಲದ ಘಾಟ್‌ಘರ್‌ನಲ್ಲಿ 250 ಮೆಗಾವ್ಯಾಟ್‌ನ ಇಂಥ ಘಟಕ 2008ರಿಂದ ಇದೆ. ಜಾಯಕವಾಡಿಯಲ್ಲೂ 12 ಮೆಗಾವ್ಯಾಟ್‌ನ ಹಳೆಯ ಘಟಕವಿದೆ. 100 ಯೂನಿಟ್ ಖರ್ಚು ಮಾಡಿದರೆ 75ರಿಂದ 80 ಯೂನಿಟ್ ವಾಪಸ್ ಸಿಗುತ್ತದೆ. ಕರ್ನಾಟಕದಲ್ಲಿ 2,000 ಮೆಗಾವ್ಯಾಟ್‌ನ ಶರಾವತಿ ಯೋಜನೆಗೆ ಸಿಂಗಳೀಕಗಳ ಕಾಡಿನ ಕಾರಣಕ್ಕೆ ವಿರೋಧ ಎದ್ದಿರುವುದು ಗೊತ್ತೇ ಇದೆ.
- ಬ್ಯಾಟರಿ: 2022ರಲ್ಲಿ ದೊಡ್ಡ ಬ್ಯಾಟರಿ ಟೆಂಡರ್‌ನಲ್ಲಿ ಮೆಗಾವ್ಯಾಟ್‌ಗೆ ತಿಂಗಳಿಗೆ 10.8 ಲಕ್ಷ ರೂಪಾಯಿ ದರ ಬಂದಿತ್ತು. 2024ರ ಕೊನೆಗೆ ಅದು 2.5 ಲಕ್ಷಕ್ಕಿಂತ ಕೆಳಗೆ ಇಳಿಯಿತು. ಎರಡು ಗಂಟೆಯ ಸಂಜೆ ಬೇಡಿಕೆಗೆ ಇದು ಈಗ ಕೈಗೆಟುಕುವ ದಾರಿ. ಇಡೀ ರಾತ್ರಿಗೆ ಇನ್ನೂ ದುಬಾರಿ.
- ಕಲ್ಲಿದ್ದಲು: ನಾಸಿಕ್‌ನ ಏಕಲಹರೆಯಂತಹ ಹಳೆಯ ಸ್ಥಾವರಗಳ ಕೆಲಸ ಮುಗಿದಿಲ್ಲ. ಮಧ್ಯಾಹ್ನ ತಗ್ಗಿ, ಸಂಜೆ ಏರುವ ಹೊಸ ಪಾತ್ರಕ್ಕೆ ಅವು ಒಗ್ಗಿಕೊಳ್ಳಬೇಕಿದೆ.
- ಬೇಡಿಕೆಯನ್ನೇ ಹಗಲಿಗೆ ಸರಿಸುವುದು: ಕೇಂದ್ರದ 2023ರ ನಿಯಮ ಬಿಸಿಲಿನ ಹೊತ್ತಿಗೆ ಶೇ 10ರಿಂದ 20ರಷ್ಟು ಕಡಿಮೆ, ಗರಿಷ್ಠ ಬೇಡಿಕೆಯ ಹೊತ್ತಿಗೆ ಶೇ 10ರಿಂದ 20ರಷ್ಟು ಹೆಚ್ಚು ದರಕ್ಕೆ ದಾರಿ ಮಾಡಿದೆ. ಹೆಚ್ಚು ಕರೆಂಟ್ ಎಳೆಯುವ ಕುಲುಮೆಯನ್ನು ರಾತ್ರಿ ಪಾಳಿಯಿಂದ ಹಗಲಿಗೆ ತಂದರೆ ಕಾರ್ಖಾನೆಗೂ ಲಾಭ, ಗ್ರಿಡ್‌ಗೂ ನಿರಾಳ.

ಕರ್ನಾಟಕ ಕಲಿತ ಪಾಠ

ಪಾವಗಡದಲ್ಲಿ 13,000 ಎಕರೆಯಲ್ಲಿ 2,050 ಮೆಗಾವ್ಯಾಟ್‌ನ ಸೌರ ಪಾರ್ಕ್ ಇದೆ. ಹಸಿರು ವಿದ್ಯುತ್‌ನಲ್ಲಿ ಕರ್ನಾಟಕ ದೇಶದ ಮುಂಚೂಣಿ ರಾಜ್ಯಗಳಲ್ಲೊಂದು. ಆದರೂ 2023ರಲ್ಲಿ ಮುಂಗಾರು ಕೈಕೊಟ್ಟಾಗ ಜಲಾಶಯಗಳು ತುಂಬಲಿಲ್ಲ, ಪಂಪ್‌ಸೆಟ್ ಬೇಡಿಕೆ ಏರಿತು. ಅಕ್ಟೋಬರ್‌ನಲ್ಲಿ ಸರ್ಕಾರ ವಿದ್ಯುತ್ ಕಾಯ್ದೆಯ ಸೆಕ್ಷನ್ 11 ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ವಿದ್ಯುತ್ತನ್ನು ಹೊರಗೆ ಮಾರದಂತೆ ತಡೆಯಬೇಕಾಯಿತು. ಒಂದೇ ಮೂಲವನ್ನು ನೆಚ್ಚಿಕೊಂಡರೆ, ಅದು ಹಸಿರೇ ಆಗಿರಲಿ, ಅಪಾಯ ತಪ್ಪಿದ್ದಲ್ಲ.

ಹಣ ಕೊಡುವವರು ಯಾರು?

ಸೌರವಿದ್ಯುತ್ ಅಗ್ಗವಾಗಿದೆ. 2010ರ ಟೆಂಡರ್‌ನಲ್ಲಿ ಯೂನಿಟ್‌ಗೆ 11 ರೂಪಾಯಿ ಆಸುಪಾಸಿನಿಂದ ಶುರುವಾಗಿದ್ದ ದರ 2020ರ ಡಿಸೆಂಬರ್‌ನಲ್ಲಿ ಗುಜರಾತ್‌ನಲ್ಲಿ 1.99 ರೂಪಾಯಿಗೆ ಇಳಿದಿತ್ತು. ಆದರೆ ಸಂಗ್ರಹಣೆ, ಪ್ರಸರಣ ಮಾರ್ಗ, ಸಂಜೆಗೆಂದು ಸಿದ್ಧವಾಗಿಟ್ಟ ಸ್ಥಾವರದ ವೆಚ್ಚ ಇದರಲ್ಲಿ ಇಲ್ಲ.

ಇನ್ನೊಂದು ತೊಡಕೂ ಇದೆ. ಕಾರ್ಖಾನೆಗಳು ಹೆಚ್ಚು ದರ ಕೊಟ್ಟು ಹೊಲದ ಕರೆಂಟಿನ ಹೊರೆಯ ಒಂದು ಪಾಲು ಹೊರುತ್ತವೆ. ದೊಡ್ಡ ಕಾರ್ಖಾನೆಗಳು ತಮ್ಮದೇ ಸೌರವಿದ್ಯುತ್‌ಗೆ ಹೊರಟರೆ ಆ ಹೊರೆ ಬೀಳುವುದು ಛಾವಣಿಯೂ ಇಲ್ಲದ, ಬಂಡವಾಳವೂ ಇಲ್ಲದ ಬಾಡಿಗೆ ಶೆಡ್ಡಿನ ಸಣ್ಣ ಘಟಕದ ಮೇಲೆ, ಇಲ್ಲವೇ ಮನೆಬಳಕೆದಾರರ ಮೇಲೆ. ಹೊಲಕ್ಕೆ 3 ರೂಪಾಯಿಯ ಸೌರವಿದ್ಯುತ್ ಸಿಕ್ಕಷ್ಟೂ ಹೊರೆಯೇ ಕಡಿಮೆಯಾಗುತ್ತದೆ. ಹಾಗಾಗಿ ಧೊಂಡಲಗಾಂವ್‌ನ ಸ್ಥಾವರಕ್ಕೂ ವಾಳೂಜ್‌ನ ಸಣ್ಣ ಉದ್ಯಮಿಯ ಬಿಲ್‌ಗೂ ನೇರ ನಂಟಿದೆ.

ಹಾಗಾದರೆ ಉತ್ತರ ಏನು?

ಹಗಲಿನ ಕೊರತೆಯನ್ನು ನವೀಕರಿಸಬಹುದಾದ ಇಂಧನ ನೀಗಿಸಬಲ್ಲದು, ಅದೂ ಕಡಿಮೆ ಖರ್ಚಿನಲ್ಲಿ. ಹೊಲದ ಮಟ್ಟಿಗೆ ಇದಕ್ಕಿಂತ ಒಳ್ಳೆಯ ದಾರಿ ಸದ್ಯ ಕಾಣುತ್ತಿಲ್ಲ. ಸಂಜೆ ಮತ್ತು ರಾತ್ರಿಯ ಕೊರತೆಗೆ ಸಂಗ್ರಹಣೆ, ಗಾಳಿ, ಜಲವಿದ್ಯುತ್ ಮತ್ತು ಇನ್ನಷ್ಟು ವರ್ಷ ಕಲ್ಲಿದ್ದಲು ಜತೆಗೂಡಬೇಕು. ತಂತಿ, ಟ್ರಾನ್ಸ್‌ಫಾರ್ಮರ್ ಸರಿಯಿಲ್ಲದೆ ಹೋಗುವ ಕರೆಂಟಿಗೆ ಇವ್ಯಾವುವೂ ಪರಿಹಾರವಲ್ಲ, ಅದಕ್ಕೆ ವಿತರಣಾ ಕಂಪನಿಯೇ ಹಣ ಹಾಕಬೇಕು. ಹಾಗಾಗಿ ಮುಂದೆ ಯಾವುದೇ ಸರ್ಕಾರ ಇಷ್ಟು ಮೆಗಾವ್ಯಾಟ್ ಸೌರವಿದ್ಯುತ್ ಸೇರಿಸಿದೆವು ಎಂದು ಘೋಷಿಸಿದಾಗ, ಅದರಲ್ಲಿ ಸಂಜೆ ಏಳಕ್ಕೆ ಸಿಗುವುದೆಷ್ಟು ಎಂದು ಕೇಳಿ ನೋಡುವುದು ಒಳ್ಳೆಯದು.