ಆಲ್ಪುಹಾರದ ಬೆಟ್ಟದೂರುಗಳಲ್ಲಿ ಒಂದು ದಿನ

ಮಕ್ಕಳು ಪರದೇಶದಲ್ಲಿರುವ ನಮ್ಮ ಕೆಲವು ಸದಸ್ಯರು ಯುರೋಪಿಗೆ ಹೋದರೆ ಲಂಡನ್, ಪ್ಯಾರಿಸ್ ನೋಡಿಕೊಂಡು ಹಿಂದಿರುಗುತ್ತಾರೆ. ಸ್ಪೇನಿನ ಕಡೆಗೆ ಹೋಗುವವರಿದ್ದರೆ ಗ್ರನಾಡ ನಗರದ ಅರಮನೆಯ ಜೊತೆಗೆ ಒಂದು ದಿನವನ್ನು ಆಲ್ಪುಹಾರವೆಂಬ ಗುಡ್ಡಗಾಡಿಗೆ ಮೀಸಲಿಡುವುದು ಒಳ್ಳೆಯದು. ತೋಟಗಾರರಿಗೆ ಅರಮನೆಗಿಂತ ಅಲ್ಲಿಯೇ ನೋಡುವುದು ಹೆಚ್ಚು.

ಗ್ರನಾಡದಿಂದ ಬಸ್ಸಿನಲ್ಲಿ ಸುಮಾರು ಎರಡು ಗಂಟೆ ಹೋದರೆ ಸಿಯೆರಾ ನೆವಾಡ ಪರ್ವತದ ದಕ್ಷಿಣ ಮಗ್ಗುಲಿನ ಪೊಕೇರ ಕಣಿವೆ ಸಿಗುತ್ತದೆ. ಅಲ್ಲಿ ಒಂದರ ಮೇಲೊಂದರಂತೆ ಮೂರು ಊರುಗಳು: ಪಂಪನೇರ (ಸುಮಾರು 3,500 ಅಡಿ), ಬುಬಿಯೋನ್ (4,250 ಅಡಿ), ಕಪಿಲೇರ (4,700 ಅಡಿ). ಮನೆಗಳಿಗೆ ಸುಣ್ಣ ಬಳಿದ ಕಲ್ಲುಗೋಡೆ, ಚೆಸ್ಟ್‌ನಟ್ ಮರದ ತೊಲೆ, ಅದರ ಮೇಲೆ ಚಪ್ಪಡಿ, ಎಲ್ಲಕ್ಕೂ ಮೇಲೆ ಲಾವುನವೆಂಬ ಬೂದುಬಣ್ಣದ ಜೇಡಿ. ಇಳಿಜಾರಿನಲ್ಲಿ ಅಂಗಳಕ್ಕೆ ಸ್ಥಳವಿಲ್ಲದ್ದರಿಂದ ಚಪ್ಪಟೆ ಮಾಳಿಗೆಯ ಮೇಲೆಯೇ ಅಂಜೂರ, ಮೆಣಸಿನಕಾಯಿ ಒಣಗಿಸುವ ರೂಢಿ. ನಮ್ಮಲ್ಲಾದರೆ ಅಂಥ ಮಾಳಿಗೆ ಒಂದು ಆರಿದ್ರಾ ಮಳೆಗೂ ನಿಲ್ಲಲಾರದು!

ಮುಖ್ಯ ವಿಷಯ ನೀರಿನದು. ಬೇಸಿಗೆಯಲ್ಲಿ ಅಲ್ಲಿ ಮಳೆಯೇ ಇಲ್ಲವೆನ್ನಬೇಕು. ಆದರೆ ಮೇಲಿನ ಶಿಖರಗಳಲ್ಲಿ ಚಳಿಗಾಲದ ಹಿಮ ಇರುತ್ತದೆ. ವಸಂತದಲ್ಲಿ ಅದು ಕರಗಿ ಒಮ್ಮೆಲೇ ಹರಿದುಹೋದರೆ ಬೆಳೆಗೇನೂ ಉಳಿಯದು. ಇದಕ್ಕೆ ಮಧ್ಯಯುಗದ ಅರಬ್ಬೀ ಆಳ್ವಿಕೆಯ ಕಾಲದ ರೈತರು ಕಂಡುಕೊಂಡ ಉಪಾಯ ಸೊಗಸಾಗಿದೆ. ಕರಗಿದ ನೀರನ್ನು ಅಸೇಕಿಯ ಎಂಬ ಮಣ್ಣಿನ ಕಾಲುವೆಗಳಲ್ಲಿ ಗುಡ್ಡದ ಅಡ್ಡಕ್ಕೆ ಒಯ್ದು, ಬಂಡೆ ಬಿರುಕುಬಿಟ್ಟು ನೀರು ಹೀರುವ ಜಾಗಗಳಲ್ಲಿ ಬೇಕೆಂದೇ ಇಂಗಿಸುತ್ತಾರೆ. ಅದು ನೆಲದೊಳಗೆ ನಿಧಾನವಾಗಿ ಇಳಿದು, ವಾರಗಳೋ ತಿಂಗಳುಗಳೋ ಕಳೆದ ಮೇಲೆ ಕೆಳಗಿನ ಒರತೆಗಳಲ್ಲಿ ಏಳುತ್ತದೆ. ಆ ಹೊತ್ತಿಗೆ ಬಿಸಿಲು ಏರಿ ಗದ್ದೆಗೆ ನೀರು ಬೇಕಾಗಿರುತ್ತದೆ. ಅಣೆಕಟ್ಟೂ ಇಲ್ಲ, ಪಂಪೂ ಇಲ್ಲ.

ಕಾಲುವೆ ಸೋರುತ್ತದೆಂದು ಸಿಮೆಂಟು ಹಾಕಿದರೆ ನೀರು ಬೇಗ ಮುಟ್ಟುವುದೇನೋ ನಿಜ. ಆದರೆ ದಾರಿಯುದ್ದಕ್ಕೂ ಆ ಸೋರಿಕೆಯನ್ನೇ ನಂಬಿದ್ದ ಚೆಸ್ಟ್‌ನಟ್ ಮರಗಳು ಸೊರಗುತ್ತವೆ, ಕೆಳಗಿನ ಒರತೆ ಬತ್ತುತ್ತದೆ. ಸೋರಿದ್ದೆಲ್ಲ ನಷ್ಟವೆಂದು ಲೆಕ್ಕ ಹಾಕುವ ನಮ್ಮಂಥವರು ಇದನ್ನು ಗಮನಿಸಬೇಕು.

1492ರಲ್ಲಿ ಗ್ರನಾಡ ಕ್ರೈಸ್ತ ಅರಸರ ಕೈಸೇರಿತು. 1568ರಲ್ಲಿ ಇಲ್ಲಿಯ ಮೂಲ ನಿವಾಸಿಗಳು ದಂಗೆ ಎದ್ದರು. 1571ರ ವೇಳೆಗೆ ಅದನ್ನು ಅಡಗಿಸಿ, ಅವರನ್ನು ಹೊರದೂಡಿ, ಬೇರೆ ಪ್ರಾಂತಗಳವರನ್ನು ತಂದು ನೆಲೆಗೊಳಿಸಿದರು. ಹೊಸಬರಿಗೆ ಕಾಲುವೆಯ ಕೆಲಸ ಕಲಿಸಲು ಊರಿಗೆ ಎರಡು ಹಳೆಯ ಕುಟುಂಬಗಳನ್ನು ಉಳಿಸಿಕೊಂಡರೆಂದು ಪ್ರತೀತಿ. ಮನುಷ್ಯರನ್ನು ಓಡಿಸಿದರೂ ಅವರ ನೀರಿನ ತಿಳಿವಳಿಕೆ ಬೇಕಾಯಿತು.

ಇಂದಿಗೂ ನೀರಾವರಿದಾರರ ಸಂಘಗಳೇ ಸರದಿ ಗೊತ್ತುಮಾಡುತ್ತವೆ. ಹೂಳೆತ್ತುವುದೂ ಅವುಗಳದೇ ಹೊಣೆ. ತೊಂದರೆಯೆಂದರೆ ಯುವಕರು ಪಟ್ಟಣ ಸೇರಿ, ಹಾರೆ ಹಿಡಿಯುವವರು ಕಡಿಮೆಯಾಗಿ, ಎಷ್ಟೋ ಕಾಲುವೆಗಳು ಮುಚ್ಚಿಹೋದವು. 2014ರಿಂದ ಗ್ರನಾಡ ವಿಶ್ವವಿದ್ಯಾನಿಲಯದವರು ಸ್ವಯಂಸೇವಕರನ್ನು ಕೂಡಿಸಿಕೊಂಡು, ರೈತರೊಡನೆ ಕೆಲವನ್ನು ಮತ್ತೆ ತೋಡಿ ನೀರು ಹರಿಸಿದ್ದಾರೆ.

ಹೋಗುವವರು ಬಸ್ಸಿನಲ್ಲಿ ನೇರವಾಗಿ ಕಪಿಲೇರಕ್ಕೆ ಹೋಗಿ, ಅಲ್ಲಿಂದ ಕಾಲುದಾರಿಯಲ್ಲಿ ಪಂಪನೇರಕ್ಕೆ ಇಳಿಯುವುದು ಮೇಲು. ಸಂಜೆಯ ಬಸ್ಸಿನ ವೇಳೆಯನ್ನು ಮೊದಲೇ ಕೇಳಿಕೊಂಡಿರಬೇಕು.