ಅಜ್ಜನಿಂದ ಬಂದ ಬೀಜ

ಅಮೆರಿಕದ ಅಯೋವಾ ರಾಜ್ಯದ ಸೇಂಟ್ ಲೂಕಸ್ ಎಂಬ ಊರಿನ ವೃದ್ಧ ಕೃಷಿಕ ಬ್ಯಾಪ್ಟಿಸ್ಟ್ ಜಾನ್ ಆಟ್, 1970ರ ದಶಕದ ಆರಂಭದಲ್ಲಿ ಮೊಮ್ಮಗಳು ಡಯೇನಳಿಗೂ ಆಕೆಯ ಪತಿ ಕೆಂಟ್ ವೀಲಿಗೂ ಎರಡು ಬಗೆಯ ಬೀಜಗಳನ್ನು ಒಪ್ಪಿಸಿದನು. ಒಂದು ನೇರಳೆ ಹೂವಿನ ಬಳ್ಳಿಯದು; ಇನ್ನೊಂದು, ಅವನ ಹಿರಿಯರು ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬವೇರಿಯಾದಿಂದ ಕಡಲು ದಾಟಿಸಿ ತಂದಿದ್ದ 'ಜರ್ಮನ್ ಪಿಂಕ್' ಎಂಬ ಟೊಮೆಟೊವಿನದು. ಅನತಿಕಾಲದಲ್ಲಿಯೇ ಅಜ್ಜನು ತೀರಿಕೊಂಡನು. ಅವನೊಡನೆ ಅಳಿದುಹೋಗಬಹುದಾಗಿದ್ದ ಸಂತತಿಯೊಂದು ತಮ್ಮ ಪಾಲಿಗೆ ಬಂದಿದೆಯೆಂಬುದನ್ನು ಮನಗಂಡ ದಂಪತಿಗಳು, ಇಂತಹ ಬೀಜಗಳನ್ನು ಕಾಪಾಡಿಕೊಂಡಿರುವ ಗೃಹಸ್ಥರನ್ನು ಅರಸಿ, 1975ರಲ್ಲಿ ಬೀಜವಿನಿಮಯದ ಬಳಗವೊಂದನ್ನು ಕಟ್ಟಿದರು. ಅದೇ ಇಂದಿನ 'ಸೀಡ್ ಸೇವರ್ಸ್ ಎಕ್ಸ್‌ಚೇಂಜ್'. ಡೆಕೋರಾ ಪಟ್ಟಣದ ಬಳಿಯ ತೋಟವು 1986ರಿಂದ ಅದರ ನೆಲೆ.

ಸಸ್ಯಶಾಸ್ತ್ರವನ್ನರಿಯದ ಮನೆಮಂದಿಗೆ ತಲೆಮಾರುಗಳವರೆಗೆ ಟೊಮೆಟೊ ತಳಿಯೊಂದನ್ನು ಕೆಡದಂತೆ ಕಾಯಲು ಸಾಧ್ಯವಾದುದು ಅದರ ಹೂವಿನ ರಚನೆಯಿಂದಲೇ. ಕೇಸರಗಳು ಕೂಡಿ ಕೊಳವೆಯಾಗಿ ಶಲಾಕೆಯನ್ನು ಸುತ್ತುವರಿದಿರುವುದರಿಂದ ಟೊಮೆಟೊ ಬಹುಮಟ್ಟಿಗೆ ಸ್ವಪರಾಗಸ್ಪರ್ಶಿ. ತಾಯಿಯ ಗುಣವೇ ಮಗುವಿಗೆ. ಸಂಕರ ತಳಿಗಾದರೋ ಈ ಸ್ಥೈರ್ಯವಿಲ್ಲ. ಅದರ ಬೀಜದಿಂದ ಹುಟ್ಟಿದ ಗಿಡಗಳು ನಾನಾರೂಪವಾಗಿ ಒಡೆಯುತ್ತವೆ. 1949ರಲ್ಲಿ ಬರ್ಪಿ ಎಂಬ ಬೀಜಸಂಸ್ಥೆಯ 'ಬಿಗ್ ಬಾಯ್' ಟೊಮೆಟೊ ಬಂದ ಅನಂತರ ಇಂತಹ ಸಂಕರಗಳು ಜನಪ್ರಿಯವಾದಂತೆ, ಪ್ರತಿವರ್ಷ ಬೀಜವನ್ನು ಕೊಳ್ಳುವುದು ರೂಢಿಯಾಯಿತು. ಏಕರೂಪವಾಗಿ ಮಾಗುವ ಹಣ್ಣನ್ನು ಮಾರುಕಟ್ಟೆ ಬಯಸಿತು. ಆ ಸಮಾನವರ್ಣಕ್ಕೆ ಕಾರಣವಾದ ವಂಶವಾಹಿಯ ವಿಕೃತಿಯೇ ಹಣ್ಣಿನ ಸಕ್ಕರೆಯನ್ನು ಕುಂದಿಸುವುದೆಂದು 2012ರಲ್ಲಿ ವಿಜ್ಞಾನಿಗಳು ಕಂಡುಕೊಂಡರು. ತೊಟ್ಟಿನ ಸುತ್ತ ಕಡುಹಸಿರು ಉಳಿಯುವ ಹಳೆಯ ತಳಿಗಳ ರುಚಿಯನ್ನು ಹೊಗಳುವವರ ನಾಲಗೆ ಸುಳ್ಳಾಡಿರಲಿಲ್ಲ.

ಬೀಜವನ್ನು ಉಳಿಸುವ ಕ್ರಮವೂ ಸರಳವೇ. ಪೂರ್ತಿ ಮಾಗಿದ ಹಣ್ಣಿನ ತಿರುಳನ್ನು ನೀರಿನಲ್ಲಿ ಎರಡು ಮೂರು ದಿನ ಹುಳಿಯಲು ಬಿಟ್ಟರೆ, ಮೊಳಕೆಯನ್ನು ತಡೆಹಿಡಿಯುವ ಲೋಳೆಪೊರೆ ಕಳಚುತ್ತದೆ; ತಳಕ್ಕಿಳಿದ ಬೀಜಗಳನ್ನು ತೊಳೆದು, ನೆರಳಿನಲ್ಲಿ ಒಣಗಿಸಿ, ತೇವ ತಾಗದಂತೆ ಇಟ್ಟರೆ ಅವು ನಾಲ್ಕಾರು ವರ್ಷ ಬಾಳುತ್ತವೆ. ಸಸಿಯನ್ನು ನೆಡುವಾಗ ಕಾಂಡವನ್ನು ಆಳಕ್ಕೆ ಹೂಳಬೇಕು. ಮಣ್ಣು ತಾಗಿದ ಕಾಂಡವೂ ಬೇರುಬಿಡುವುದು.

ಬೀಜಸಂಗ್ರಹದ ಶೀತಲ ಕೋಣೆಗಳು ಬೀಜದ ಜೀವವನ್ನು ದೀರ್ಘಕಾಲ ಕಾಯಬಲ್ಲವು, ನಿಜ. ಆದರೆ ಯಾವ ಗಿಡ ರೋಗವನ್ನು ತಾಳಿತು, ಯಾವ ಹಣ್ಣು ಸವಿಯಾಯಿತು, ಮುಂದಿನ ವರ್ಷಕ್ಕೆ ಬೀಜವನ್ನು ಯಾವುದರಿಂದ ತೆಗೆಯಬೇಕು ಎಂಬ ನಿರ್ಣಯ ಉಂಡು ನೋಡಿದವರದು. ಆಟ್ ಮನೆತನದ ಟೊಮೆಟೊ ಟೊಮೆಟೊವಾಗಿ ಉಳಿದುದು ಆ ನಿರ್ಣಯವನ್ನು ವರ್ಷವರ್ಷವೂ ಯಾರೋ ಒಬ್ಬರು ಮಾಡುತ್ತ ಬಂದುದರಿಂದ.