ಕೊನೆಯ ತೂಬಿನ ಲೆಕ್ಕ

ಭತ್ತ ತೆನೆ ಕಟ್ಟುವ ದಿನಗಳಲ್ಲಿ ರಾಯಚೂರು ಜಿಲ್ಲೆಯ ಮಾನ್ವಿ, ಸಿರವಾರ ಕಡೆಯ ರೈತರ ಮಾತಿನಲ್ಲಿ ಒಂದು ಸಂಖ್ಯೆ ಮತ್ತೆ ಮತ್ತೆ ಬರುತ್ತದೆ: 69ನೇ ಮೈಲಿ. ತುಂಗಭದ್ರಾ ಎಡದಂಡೆ ಮುಖ್ಯ ಕಾಲುವೆಯ ಆ ಜಾಗದಲ್ಲಿ ಗೇಜು ಎಷ್ಟು ಅಡಿ ತೋರಿಸುತ್ತಿದೆ ಎಂದು ತಿಳಿದರೆ, ಕೆಳಭಾಗದ ಹೊಲಗಳಿಗೆ ನೀರು ಬರುತ್ತದೋ ಇಲ್ಲವೋ ಎಂಬುದನ್ನು ಅವರು ಅಲ್ಲೇ ಹೇಳಬಲ್ಲರು. ಅಣೆಕಟ್ಟೆಯಲ್ಲಿ ಎಷ್ಟು ಟಿಎಂಸಿ ನೀರಿದೆ ಎಂಬ ಸುದ್ದಿಗಿಂತ ಈ ಗೇಜಿನ ಸುದ್ದಿಯೇ ಅವರಿಗೆ ಮುಖ್ಯ. ಪ್ರತಿಭಟನೆಗಳೂ ಮನವಿಪತ್ರಗಳೂ ಅದರ ಸುತ್ತಲೇ ನಡೆದಿವೆ. ಎಲ್ಲಿ ಅಳೆಯಬೇಕು, ಅಳತೆ ತಪ್ಪಿದಾಗ ಯಾರು ಸರಿಪಡಿಸಬೇಕು, ಎಷ್ಟು ಬೇಗ, ಎಷ್ಟು ಮಟ್ಟಿಗೆ? ಈ ರೈತರು ಬದುಕಿನಿಂದ ಕಲಿತ ಇದೇ ನಾಲ್ಕು ಪ್ರಶ್ನೆಗಳನ್ನು ಗಣಿತದ ಬಿಗಿಯಲ್ಲಿ ಕೇಳುವ ಶಾಸ್ತ್ರವೊಂದಿದೆ. ಅದರ ಹೆಸರು ಸ್ವಯಂಚಾಲಿತ ನಿಯಂತ್ರಣ ಸಿದ್ಧಾಂತ. ಮನುಷ್ಯರ ಕೆಲಸವನ್ನು ಯಂತ್ರಕ್ಕೆ ಒಪ್ಪಿಸುವ ವಿದ್ಯೆ ಎಂದು ಇದನ್ನು ಹಲವರು ತಿಳಿದಿದ್ದಾರೆ. ಆದರೆ ಇದರ ಸಂಶೋಧನೆಯ ತಿರುಳು ಬೇರೆಯೇ ಇದೆ. ತಪ್ಪನ್ನು ತಿದ್ದುವ ಏರ್ಪಾಡು ಹೇಗಿರುತ್ತದೆ ಎಂಬುದರ ಮೇಲೆ ಆ ತಪ್ಪಿನ ಹೊರೆ ಯಾರ ತಲೆಗೆ ಬೀಳುತ್ತದೆ ಎಂಬುದು ನಿಂತಿದೆ. ಹಾಗಾಗಿ ಎಂಜಿನಿಯರುಗಳಷ್ಟೇ ಕೂತು ಬಗೆಹರಿಸುವ ವಿಷಯ ಇದಲ್ಲ. ನೀರಾವರಿ ಕಾಲುವೆಯಷ್ಟು ಸ್ಪಷ್ಟವಾಗಿ ಇದನ್ನು ತೋರಿಸುವ ಉದಾಹರಣೆ ನಮ್ಮ ಹತ್ತಿರ ಮತ್ತೊಂದಿಲ್ಲ.

ಈ ಶಾಸ್ತ್ರದ ಬೀಜ ನಮಗೆ ಹೊಸತೇನಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರು ರೂಪಿಸಿದ ಸ್ವಯಂಚಾಲಿತ ಗೇಟುಗಳು 1903ರಲ್ಲಿ ಪುಣೆ ಬಳಿಯ ಖಡಕ್‌ವಾಸ್ಲಾ ಜಲಾಶಯಕ್ಕೆ ಬಂದವು. ಮುಂದೆ ಕನ್ನಂಬಾಡಿ ಕಟ್ಟೆಗೂ ಅದೇ ತತ್ವದ ಗೇಟುಗಳು ಬಂದವು. ನೀರು ಗೊತ್ತಾದ ಮಟ್ಟ ದಾಟಿದರೆ ಗೇಟು ತಾನಾಗಿ ತೆರೆದುಕೊಳ್ಳುತ್ತದೆ, ಮಟ್ಟ ಇಳಿದರೆ ತಾನಾಗಿ ಮುಚ್ಚಿಕೊಳ್ಳುತ್ತದೆ. ವಿದ್ಯುತ್ತಿಲ್ಲ, ಗಣಕಯಂತ್ರವಿಲ್ಲ. ಏರಿದ ನೀರೇ ತನ್ನ ಏರಿಕೆಯ ಸುದ್ದಿಯನ್ನು ಗೇಟಿಗೆ ಮುಟ್ಟಿಸಿ, ಅದನ್ನು ಎತ್ತುವ ಬಲವನ್ನೂ ಒದಗಿಸುತ್ತದೆ. 1788ರಲ್ಲಿ ಜೇಮ್ಸ್ ವ್ಯಾಟ್ ಉಗಿಯಂತ್ರಕ್ಕೆ ಜೋಡಿಸಿದ ಗವರ್ನರಿನಲ್ಲೂ ಇದೇ ತತ್ವವಿತ್ತು. ಯಂತ್ರದ ವೇಗ ಹೆಚ್ಚಿದಂತೆ ತಿರುಗುವ ಎರಡು ಗುಂಡುಗಳು ಹೊರಚಾಚಿ ಉಗಿಯ ದಾರಿಯನ್ನು ಕಿರಿದು ಮಾಡುತ್ತಿದ್ದವು. ಫಲವನ್ನು ನೋಡಿ ಕಾರಣವನ್ನು ತಿದ್ದುವ ಈ ಸುತ್ತನ್ನು ಫೀಡ್‌ಬ್ಯಾಕ್ ಎನ್ನುತ್ತೇವೆ, ಕನ್ನಡದಲ್ಲಿ ಹಿಮ್ಮಾಹಿತಿ. ಇದರ ದೊಡ್ಡ ಗುಣವೆಂದರೆ ಎಲ್ಲವನ್ನೂ ಮೊದಲೇ ತಿಳಿದಿರಬೇಕಾಗಿಲ್ಲ. ಮಳೆ ಎಷ್ಟು ಬರುತ್ತದೆಂದು ಗೇಟಿಗೆ ಗೊತ್ತಿಲ್ಲ. ಮಟ್ಟ ಈಗ ಎಷ್ಟಿದೆ ಎಂಬುದಷ್ಟೇ ಅದಕ್ಕೆ ಸಾಕು.

ಆದರೆ ಹತ್ತೊಂಬತ್ತನೆಯ ಶತಮಾನದ ಕಾರ್ಖಾನೆಗಳಲ್ಲಿ ಒಂದು ವಿಚಿತ್ರ ತೊಂದರೆ ಕಾಣಿಸಿಕೊಂಡಿತು. ಗವರ್ನರನ್ನು ಹೆಚ್ಚು ಚುರುಕು ಮಾಡಿದಷ್ಟೂ ಕೆಲವು ಯಂತ್ರಗಳು ಸ್ಥಿಮಿತ ತಪ್ಪಿ ಜೋರಾಗಿ ಓಡುವುದು, ನಿಧಾನವಾಗುವುದು, ಮತ್ತೆ ಓಡುವುದು ಮಾಡತೊಡಗಿದವು. ತಿದ್ದಲೆಂದು ಇಟ್ಟ ಸಾಧನವೇ ಏರುಪೇರನ್ನು ಹುಟ್ಟಿಸುತ್ತಿತ್ತು. 1868ರಲ್ಲಿ ಜೇಮ್ಸ್ ಕ್ಲರ್ಕ್ ಮ್ಯಾಕ್ಸ್‌ವೆಲ್ ಗವರ್ನರುಗಳ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಒಗಟನ್ನು ಗಣಿತಕ್ಕೆ ಇಳಿಸಿದರು. ಒಂದು ಸಣ್ಣ ಏರುಪೇರು ಕಾಲ ಕಳೆದಂತೆ ಕುಗ್ಗುತ್ತದೋ ಹಿಗ್ಗುತ್ತದೋ ಎಂಬುದನ್ನು ಯಂತ್ರ ಕಟ್ಟುವ ಮೊದಲೇ ಲೆಕ್ಕ ಹಾಕಿ ತಿಳಿಯಬಹುದು ಎಂದು ಅವರು ತೋರಿಸಿದರು. ಸ್ಥಿರತೆ ಎಂಬ ಕಲ್ಪನೆ ಈ ಶಾಸ್ತ್ರದ ನಡುಗಂಬವಾದದ್ದು ಅಲ್ಲಿಂದ. ಸದುದ್ದೇಶದ ತಿದ್ದುಪಡಿಯೂ ಕೆಡುಕು ಮಾಡಬಹುದು ಎಂಬುದಕ್ಕೆ ಗಣಿತದ ರುಜುವಾತು ಸಿಕ್ಕಿತು.

ಕಾಲುವೆಯಲ್ಲಿ ಇದು ಹೇಗೆ ನಡೆಯುತ್ತದೆ ಎಂದು ಹತ್ತಿರದಿಂದ ನೋಡೋಣ. ಮೂರು ಕಿಲೋಮೀಟರ್ ಅಂತರದಲ್ಲಿ ಎರಡು ಗೇಟುಗಳಿವೆ, ನಡುವೆ ಸುಮಾರು ಒಂದು ಮೀಟರ್ ಆಳದ ನೀರಿದೆ ಎಂದುಕೊಳ್ಳಿ. ಅಷ್ಟು ಆಳದ ನೀರಿನಲ್ಲಿ ಅಲೆ ಸೆಕೆಂಡಿಗೆ ಮೂರು ಮೀಟರಿನಷ್ಟು ಸಾಗುತ್ತದೆ. ಮೇಲಿನ ಗೇಟು ಎತ್ತಿದ ಸುದ್ದಿ ಕೆಳಗಿನ ಗೇಟಿಗೆ ತಲುಪಲು ಕಾಲು ಗಂಟೆಯಾದರೂ ಬೇಕು. ಕೆಳಗೆ ಮಟ್ಟ ನೂರು ಸೆಂಟಿಮೀಟರ್ ಇರಬೇಕಾದಲ್ಲಿ ತೊಂಬತ್ತಕ್ಕೆ ಇಳಿದಿದೆ. ಬೆಳಿಗ್ಗೆ ಎಂಟಕ್ಕೆ ಮೇಲಿನ ಗೇಟನ್ನು ಒಂದು ಸುತ್ತು ಎತ್ತುತ್ತಾರೆ. ಎಂಟೂ ಐದಕ್ಕೆ ಫೋನು ಮಾಡಿ ಕೇಳಿದರೆ ಇನ್ನೂ ತೊಂಬತ್ತೇ. ಮತ್ತೊಂದು ಸುತ್ತು ಎತ್ತುತ್ತಾರೆ. ಎಂಟೂ ಹತ್ತಕ್ಕೂ ಅಷ್ಟೇ, ಮೂರನೆಯ ಸುತ್ತು. ಎಂಟೂ ಕಾಲಿಗೆ ಮೊದಲ ಸುತ್ತಿನ ನೀರು ತಲುಪಿ ಮಟ್ಟ ಏರತೊಡಗುತ್ತದೆ. ಅದರ ಬೆನ್ನಿಗೇ ಎರಡನೆಯದು, ಮೂರನೆಯದು. ಮಟ್ಟ ನೂರನ್ನು ದಾಟಿ ಏರುತ್ತಲೇ ಹೋಗುತ್ತದೆ. ಗಾಬರಿಯಿಂದ ಗೇಟು ಇಳಿಸಿದರೆ ಆ ಇಳಿಕೆ ಕೆಳಗೆ ಕಾಣಲು ಮತ್ತೆ ಕಾಲು ಗಂಟೆ. ಅಷ್ಟು ಹೊತ್ತಿಗೆ ನೀರು ದಂಡೆ ಮೀರಿ ಹಳ್ಳ ಸೇರಿರುತ್ತದೆ, ಆಮೇಲೆ ಕಾಲುವೆ ಒಣಗುವ ಸರದಿ. ಇಲ್ಲಿ ಯಾರೂ ಸೋಮಾರಿಗಳಲ್ಲ, ಯಾರೂ ಮೋಸ ಮಾಡಿಲ್ಲ. ಆದರೆ ಪ್ರತಿ ಸಲ ಅವರು ನೋಡುತ್ತಿದ್ದದ್ದು ತಮ್ಮದೇ ಕೆಲಸದ ಕಾಲು ಗಂಟೆ ಹಳೆಯ ಫಲವನ್ನು. ಆ ತಡವನ್ನು ಲೆಕ್ಕಕ್ಕೆ ಹಿಡಿಯದೆ ಅವಸರಪಟ್ಟದ್ದೇ ಪೆಟ್ಟಾಯಿತು.

ಈ ತಡವನ್ನು ಲೆಕ್ಕಕ್ಕೆ ಹಿಡಿಯುವ ದಾರಿಗಳನ್ನು ಹುಡುಕಿದ್ದೇ ಕಳೆದ ನೂರು ವರ್ಷಗಳ ಸಂಶೋಧನೆಯ ದೊಡ್ಡ ಭಾಗ. 1922ರಲ್ಲಿ ನಿಕೊಲಾಸ್ ಮಿನೋರ್ಸ್ಕಿ ಹಡಗುಗಳು ತಾವಾಗಿ ದಾರಿ ತಪ್ಪದೆ ಸಾಗುವ ವಿಧಾನ ಹುಡುಕುವಾಗ ನುರಿತ ಚುಕ್ಕಾಣಿಗಾರರನ್ನು ಗಮನಿಸಿದರು. ಹಡಗು ಈಗ ದಾರಿಯಿಂದ ಎಷ್ಟು ತಪ್ಪಿದೆ ಎಂಬುದನ್ನಷ್ಟೇ ಅವರು ನೋಡುತ್ತಿರಲಿಲ್ಲ. ತಪ್ಪುವ ವೇಗ ಎಷ್ಟು, ಇಷ್ಟು ಹೊತ್ತು ಸೇರಿಕೊಂಡು ಬಂದ ತಪ್ಪು ಎಷ್ಟು ಎಂಬುದನ್ನೂ ಕೈಯಲ್ಲಿ ತೂಗುತ್ತಿದ್ದರು. ಮಿನೋರ್ಸ್ಕಿ ಅದನ್ನೇ ಸೂತ್ರವಾಗಿಸಿದರು. ಪಿಐಡಿ ಎಂಬ ಹೆಸರಿನಲ್ಲಿ ಇಂದಿಗೂ ಕಾರ್ಖಾನೆಗಳಲ್ಲಿ ಅತಿ ಹೆಚ್ಚು ಬಳಕೆಯಲ್ಲಿರುವ ನಿಯಂತ್ರಣ ವಿಧಾನ ಅದು. 1957ರಲ್ಲಿ ಆಟೊ ಸ್ಮಿತ್ ಮತ್ತೊಂದು ಹೆಜ್ಜೆ ಇಟ್ಟರು. ಈಗಾಗಲೇ ಹೊರಟು ಇನ್ನೂ ತಲುಪದಿರುವ ಫಲವನ್ನು ನಿಯಂತ್ರಕ ತನ್ನೊಳಗಿನ ಮಾದರಿಯಲ್ಲಿ ನೆನಪಿಟ್ಟುಕೊಂಡರೆ, ಎತ್ತಿದ್ದನ್ನೇ ಮತ್ತೆ ಎತ್ತುವ ತಪ್ಪು ಆಗುವುದಿಲ್ಲ ಎಂದು ತೋರಿಸಿದರು. ನಮ್ಮ ಕಾಲುವೆಯಲ್ಲಿ ಎಂಟೂ ಐದಕ್ಕೆ ಬೇಕಿದ್ದ ವಿವೇಕವೂ ಅದೇ: ದಾರಿಯಲ್ಲಿರುವ ನೀರನ್ನು ಎಣಿಕೆಗೆ ತೆಗೆದುಕೊಂಡು ಕಾಯುವುದು.

ಒಂದು ಗೇಟಿನಿಂದ ನೂರಾರು ಗೇಟುಗಳ ಜಾಲಕ್ಕೆ ಬಂದಾಗ ವಿಷಯದ ಇನ್ನೊಂದು ಮುಖ ತೆರೆದುಕೊಳ್ಳುತ್ತದೆ. ಕಾಲುವೆಯ ಗೇಟುಗಳನ್ನು ಎರಡು ರೀತಿಯಲ್ಲಿ ನಡೆಸಬಹುದು. ಮೊದಲನೆಯದರಲ್ಲಿ ಪ್ರತಿ ಗೇಟೂ ತನ್ನ ಮೇಲ್ಭಾಗದ ನೀರಿನ ಮಟ್ಟವನ್ನು ನೋಡಿ ಅದನ್ನು ಕಾಯ್ದುಕೊಳ್ಳುತ್ತದೆ, ಮಿಕ್ಕದ್ದನ್ನು ಕೆಳಕ್ಕೆ ಬಿಡುತ್ತದೆ. ನಮ್ಮ ಹಳೆಯ ಕಾಲುವೆಗಳು ಬಹುಮಟ್ಟಿಗೆ ಈ ಬಗೆಯವು. ಇಲ್ಲಿ ನೀರು ಕಡಿಮೆ ಬಿದ್ದರೆ ಮೇಲಿನವರ ಮಟ್ಟ ಉಳಿಯುತ್ತದೆ, ಕೊರತೆ ಗೇಟಿನಿಂದ ಗೇಟಿಗೆ ಇಳಿದು ಕೊನೆಯ ತೂಬಿನವರ ಪಾಲಿಗೆ ನಿಲ್ಲುತ್ತದೆ. ಎರಡನೆಯ ರೀತಿಯಲ್ಲಿ ಪ್ರತಿ ಗೇಟೂ ತನ್ನ ಕೆಳಗಿನ ಭಾಗದ ಕೊನೆಯಲ್ಲಿರುವ ಮಟ್ಟವನ್ನು ನೋಡುತ್ತದೆ. ಕೆಳಗೆ ಇಳಿದರೆ ತಾನು ತೆರೆದುಕೊಳ್ಳುತ್ತದೆ, ಆಗ ಮೇಲೆ ಇಳಿಯುವುದರಿಂದ ಅದರ ಮೇಲಿನ ಗೇಟೂ ತೆರೆದುಕೊಳ್ಳುತ್ತದೆ. ಬೇಡಿಕೆ ಹೀಗೆ ಮೆಟ್ಟಿಲೇರಿ ಜಲಾಶಯಕ್ಕೆ ತಲುಪುತ್ತದೆ. ಗೇಟು ಅದೇ, ನೀರು ಅದೇ, ಕಾಲುವೆ ಅದೇ. ಅಳತೆಗೋಲು ನೆಟ್ಟ ಜಾಗ ಬದಲಾದದ್ದಷ್ಟೇ. ಅಷ್ಟರಿಂದ ಕೊರತೆಯ ಹೊರೆ ಕೊನೆಯ ರೈತರಿಂದ ಜಲಾಶಯದ ಕಡೆಗೆ ಸರಿಯಿತು. 69ನೇ ಮೈಲಿಯ ಗೇಜಿಗಾಗಿ ನಡೆದ ಹೋರಾಟದ ಹಿಂದಿನ ಶಾಸ್ತ್ರ ಇದೇ.

ಎರಡನೆಯ ರೀತಿಗೂ ಬೆಲೆಯಿದೆ. ಕೆಳಗಿನ ಒಂದು ಸಣ್ಣ ಬೇಡಿಕೆ ಮೇಲೇರುತ್ತಾ ಗೇಟಿನಿಂದ ಗೇಟಿಗೆ ದೊಡ್ಡದಾಗಿ, ತುದಿಯಲ್ಲಿ ದೊಡ್ಡ ಹೊಯ್ದಾಟವಾಗಬಹುದು. ಬೆಲ್ ಪ್ರಯೋಗಾಲಯದ ಹೆಂಡ್ರಿಕ್ ಬೋಡೆ 1945ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಇಂಥ ಬೆಲೆಯ ಬಗ್ಗೆ ಒಂದು ನಿಯಮವಿದೆ. ಒಂದು ಬಗೆಯ ಏರುಪೇರನ್ನು ಫೀಡ್‌ಬ್ಯಾಕಿನಿಂದ ಅದುಮಿದರೆ ಇನ್ನೊಂದು ಬಗೆಯದು ಉಬ್ಬುತ್ತದೆ, ನೀರು ತುಂಬಿದ ಚೀಲವನ್ನು ಒಂದು ಕಡೆ ಒತ್ತಿದಾಗ ಮತ್ತೊಂದು ಕಡೆ ಉಬ್ಬುವಂತೆ. ಎಷ್ಟೇ ಜಾಣ ಸೂತ್ರ ಬರೆದರೂ ಎಲ್ಲ ಕಡೆ ಎಲ್ಲ ತಪ್ಪನ್ನೂ ಇಲ್ಲವಾಗಿಸಲು ಆಗದು. ತಪ್ಪು ಎಲ್ಲಿ, ಯಾವ ರೂಪದಲ್ಲಿ ಉಳಿದರೆ ಸಹಿಸಬಹುದು ಎಂದು ಆರಿಸಿಕೊಳ್ಳಬೇಕಾಗುತ್ತದೆ. ಆ ಆಯ್ಕೆ ಗಣಿತದ ಒಳಗೆ ಹುಟ್ಟುವುದಿಲ್ಲ, ಹೊರಗಿನಿಂದ ಬರಬೇಕು.

ಇದು ಬರೀ ಕಾಗದದ ಮೇಲಿನ ವಾದವಲ್ಲ. ಆಸ್ಟ್ರೇಲಿಯಾ ದೀರ್ಘ ಬರದಲ್ಲಿ ಬೆಂದ ವರ್ಷಗಳಲ್ಲಿ ಮೆಲ್ಬರ್ನ್ ವಿಶ್ವವಿದ್ಯಾಲಯದ ಐವನ್ ಮಾರೀಲ್ಸ್, ಎರಿಕ್ ವೆಯರ್, ಮೈಕೆಲ್ ಕ್ಯಾಂಟೋನಿ ಮತ್ತು ಸಂಗಡಿಗರು ರೂಬಿಕಾನ್ ಎಂಬ ಕಂಪನಿಯ ಜೊತೆ ನೀರಾವರಿ ಕಾಲುವೆಗಳ ಮೇಲೆ ಕೆಲಸ ಮಾಡಿದರು. ತೆರೆದ ಕಾಲುವೆಯ ಹರಿವನ್ನು ವಿವರಿಸುವ ಸೇಂಟ್-ವೆನಾಂ ಸಮೀಕರಣಗಳು ಹತ್ತೊಂಬತ್ತನೆಯ ಶತಮಾನದಿಂದಲೂ ಇವೆ, ಆದರೆ ತೊಡಕಿನವು. ಸಂಶೋಧಕರು ಅವನ್ನು ಬದಿಗಿಟ್ಟು, ಒಳಬಂದ ನೀರು, ಹೊರಹೋದ ನೀರು, ನಡುವಿನ ತಡ ಇಷ್ಟನ್ನೇ ಹಿಡಿದ ಸರಳ ಮಾದರಿಯನ್ನು ಕಾಲುವೆಯಲ್ಲೇ ಅಳೆದ ಅಂಕಿಗಳಿಂದ ಕಟ್ಟಿದರು. ನಿಯಂತ್ರಣಕ್ಕೆ ಅಷ್ಟು ಸಾಕಾಯಿತು. ಮಾದರಿಯಲ್ಲಿ ಉಳಿದ ಕೊರತೆಯನ್ನು ಫೀಡ್‌ಬ್ಯಾಕ್ ತಿದ್ದುತ್ತಿತ್ತು. ಅದರ ಮೇಲೆ ಇನ್ನೊಂದು ಪದರ ಬಂತು. ರೈತರು ತಮಗೆ ಬೇಕಾದ ನೀರನ್ನು ಮುಂಚಿತವಾಗಿ ಕೇಳುತ್ತಾರೆ, ಕಾಲುವೆಗೆ ಅಷ್ಟು ಸಾಗಿಸುವ ಶಕ್ತಿ ಇದೆಯೇ ಎಂದು ವ್ಯವಸ್ಥೆ ನೋಡಿ ಸಮಯ ಗೊತ್ತುಮಾಡುತ್ತದೆ, ಬೇಡಿಕೆ ತಿಳಿದಿರುವುದರಿಂದ ಗೇಟುಗಳು ಮೊದಲೇ ಸಜ್ಜಾಗುತ್ತವೆ. ತುದಿಯಲ್ಲಿ ಉಕ್ಕಿ ಪೋಲಾಗುತ್ತಿದ್ದ ನೀರು ಗಣನೀಯವಾಗಿ ತಗ್ಗಿತು. ಜಗತ್ತಿನಲ್ಲಿ ಮನುಷ್ಯರು ಎತ್ತಿ ಬಳಸುವ ಸಿಹಿನೀರಿನಲ್ಲಿ ಸುಮಾರು ಶೇ 70ರಷ್ಟು ಬೇಸಾಯಕ್ಕೆ ಹೋಗುತ್ತದೆ ಎಂಬುದನ್ನು ನೆನೆದರೆ ಈ ಉಳಿತಾಯದ ತೂಕ ತಿಳಿಯುತ್ತದೆ. ನಮ್ಮಲ್ಲಿಯೂ ಕೃಷ್ಣಾ ಮೇಲ್ದಂಡೆ ಯೋಜನೆಯ ನಾರಾಯಣಪುರ ಎಡದಂಡೆ ಕಾಲುವೆ ಜಾಲಕ್ಕೆ ಕೃಷ್ಣಾ ಭಾಗ್ಯ ಜಲ ನಿಗಮ ದೂರದಿಂದಲೇ ಅಳೆದು ನಡೆಸಬಲ್ಲ ಇಂಥ ಗೇಟುಗಳನ್ನು ಅಳವಡಿಸಿದೆ.

ಇದಕ್ಕೆ ಬರುವ ಮೊದಲ ಆಕ್ಷೇಪ ಗಟ್ಟಿಯಾದದ್ದು. ಕೊನೆ ಭಾಗಕ್ಕೆ ನೀರು ಬಾರದಿರಲು ಕಾರಣ ಗೇಟಲ್ಲ, ರಾಜಕಾರಣ ಎನ್ನುತ್ತಾರೆ. ತುಂಗಭದ್ರಾ ಎಡದಂಡೆಯ ಅಚ್ಚುಕಟ್ಟನ್ನು ಹೆಚ್ಚಾಗಿ ಕಡಿಮೆ ನೀರಿನ ಬೆಳೆಗಳಿಗೆಂದು ಯೋಜಿಸಲಾಗಿತ್ತು, ಮೇಲ್ಭಾಗದಲ್ಲಿ ಭತ್ತ ಹಬ್ಬಿತು, ಅನಧಿಕೃತ ನೀರಾವರಿ ಸೇರಿಕೊಂಡಿತು. ಇದನ್ನು ಯಾವ ಸೂತ್ರ ತಡೆಯುತ್ತದೆ? ಯಾವ ಸೂತ್ರವೂ ತಡೆಯದು, ನಿಜ. ಆದರೆ ಅಳತೆಯಿಲ್ಲದ ಕಾಲುವೆಯಲ್ಲಿ ಕದ್ದ ನೀರು, ಇಂಗಿದ ನೀರು, ತಪ್ಪು ಗೇಟಿನಿಂದ ಪೋಲಾದ ನೀರು ಎಲ್ಲವೂ ಒಂದೇ ಲೆಕ್ಕಕ್ಕೆ ಸೇರಿಹೋಗುತ್ತವೆ. ಪ್ರತಿ ಗೇಟಿನಲ್ಲಿ ಒಳಬಂದದ್ದೂ ಹೊರಹೋದದ್ದೂ ದಾಖಲಾದರೆ ಯಾವ ಎರಡು ಗೇಟುಗಳ ನಡುವೆ ಎಷ್ಟು ನೀರು ಕಾಣೆಯಾಯಿತು ಎಂಬುದು ಬಯಲಾಗುತ್ತದೆ. ನ್ಯಾಯ ಕೇಳುವವರ ಕೈಗೆ ಆಗ ಆಧಾರ ಸಿಗುತ್ತದೆ. ರಾಜಕೀಯ ಇಚ್ಛಾಶಕ್ತಿಯ ಕೆಲಸವನ್ನು ಈ ಶಾಸ್ತ್ರ ಮಾಡಲಾರದು, ಅದಿಲ್ಲದಾಗ ಹೇಳುವ ನೆಪಗಳನ್ನು ಮಾತ್ರ ಕಡಿಮೆ ಮಾಡಬಲ್ಲದು.

ಎರಡನೆಯ ಆಕ್ಷೇಪ ನೀರುಗಂಟಿಯ ಪರವಾಗಿ ಬರುತ್ತದೆ. ಕೆರೆಯ ತೂಬು ತೆಗೆದು ಗದ್ದೆ ಗದ್ದೆಗೆ ನೀರು ಹಂಚುತ್ತಿದ್ದ ಆ ಮನುಷ್ಯನಿಗೆ ಮಣ್ಣು ಗೊತ್ತಿತ್ತು, ಪೈರಿನ ಬಣ್ಣ ಗೊತ್ತಿತ್ತು, ಊರಿನ ಜಗಳವೂ ಗೊತ್ತಿತ್ತು. ಯಂತ್ರಕ್ಕೆ ಗೊತ್ತಿರುವುದು ಒಂದು ಮಟ್ಟ ಮಾತ್ರ. ಈ ಮಾತನ್ನು ಪೂರ್ಣವಾಗಿ ಒಪ್ಪಬೇಕು. ಚುಕ್ಕಾಣಿಗಾರರನ್ನು ನೋಡಿ ಕಲಿತ ಶಾಸ್ತ್ರಕ್ಕೆ ನೀರುಗಂಟಿಯ ಮುಂದೆ ಬೀಗುವ ಹಕ್ಕಿಲ್ಲ. ಆದರೆ ನೀರುಗಂಟಿಯ ಕಣ್ಣಳತೆಯಲ್ಲಿ ಇಡೀ ಕೆರೆ ಇತ್ತು. ನೂರಾರು ಕಿಲೋಮೀಟರಿನ ಕಾಲುವೆಯಲ್ಲಿ ಒಬ್ಬನ ಕಣ್ಣಿಗೆ ಬೀಳುವುದು ಒಂದೆರಡು ಗೇಟು, ಅವನು ಇಂದು ಮಾಡಿದ್ದರ ಫಲ ಕಾಣುವುದು ನಾಳೆ, ಬೇರೆಯವರ ಊರಿನಲ್ಲಿ. ನಿಮಿಷ ನಿಮಿಷಕ್ಕೂ ಮಟ್ಟ ಕಾಯುವ ದಣಿವಿನ ಕೆಲಸವನ್ನು ಯಂತ್ರಕ್ಕೆ ಬಿಟ್ಟು, ಯಾವ ಬೆಳೆಗೆ ಯಾವಾಗ ಎಷ್ಟು ಎಂಬ ವಿವೇಕದ ಕೆಲಸವನ್ನು ಅಂಥವರ ಕೈಯಲ್ಲಿ ಇಡುವುದೇ ಸರಿಯಾದ ಹಂಚಿಕೆ. ಅವರನ್ನು ಮನೆಗೆ ಕಳಿಸಿ ಗೇಟು ತಂದರೆ ಶಾಸ್ತ್ರವನ್ನು ಅರ್ಧ ಓದಿದಂತೆ.

ಮೂರನೆಯದು ಭಯ: ಯಂತ್ರ ಕೆಟ್ಟರೆ ಏನು ಗತಿ? ಈ ಭಯಕ್ಕೆ ಆಧಾರವಿದೆ. ಬೋಯಿಂಗ್ 737 ಮ್ಯಾಕ್ಸ್ ವಿಮಾನದ ಒಂದು ಸ್ವಯಂಚಾಲಿತ ವ್ಯವಸ್ಥೆ ಒಂದೇ ಒಂದು ಸಂವೇದಕದ ಮಾತನ್ನು ನಂಬಿ ವಿಮಾನದ ಮೂತಿಯನ್ನು ಕೆಳಕ್ಕೆ ತಳ್ಳುತ್ತಿತ್ತು. 2018ರ ಅಕ್ಟೋಬರಿನಲ್ಲಿ ಇಂಡೊನೇಷ್ಯಾದಲ್ಲಿ, 2019ರ ಮಾರ್ಚಿನಲ್ಲಿ ಇಥಿಯೋಪಿಯಾದಲ್ಲಿ ಅಂಥ ವಿಮಾನಗಳು ಬಿದ್ದು ಒಟ್ಟು 346 ಜನ ಸತ್ತರು. ಈ ಅಪಾಯದ ಬಗ್ಗೆ ಶಾಸ್ತ್ರ ಕಣ್ಣು ಮುಚ್ಚಿ ಕೂತಿರಲಿಲ್ಲ. 1978ರಲ್ಲೇ ಜಾನ್ ಡಾಯ್ಲ್ ಒಂದು ಪುಟ್ಟ ಲೇಖನದಲ್ಲಿ, ಅತ್ಯುತ್ತಮವೆಂದು ಗಣಿತವೇ ಹೇಳಿದ ನಿಯಂತ್ರಕವೂ ವಾಸ್ತವ ತುಸು ಬದಲಾದರೆ ಸ್ಥಿರತೆ ಕಳೆದುಕೊಳ್ಳಬಹುದೆಂದು ಉದಾಹರಣೆ ಸಹಿತ ತೋರಿಸಿದ್ದರು. ಆಮೇಲಿನ ದಶಕಗಳ ಸಂಶೋಧನೆಯ ಒಂದು ದೊಡ್ಡ ಪಾಲು, ಮಾದರಿ ತಪ್ಪಿದಾಗಲೂ ಸಂವೇದಕ ಸುಳ್ಳು ಹೇಳಿದಾಗಲೂ ಕೈಕೊಡದ ವ್ಯವಸ್ಥೆ ಕಟ್ಟುವುದಕ್ಕೇ ಮೀಸಲಾಯಿತು. ಇನ್ನು 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಕೊಚ್ಚಿಹೋದದ್ದು ಚೈನು ತುಂಡಾಗಿ. ಅಂಥ ಕಡೆ ಸೂತ್ರ ಏನೂ ಮಾಡಲಾರದು, ಬೇಕಾದದ್ದು ವರ್ಷವರ್ಷದ ತಪಾಸಣೆ ಮತ್ತು ದುರಸ್ತಿ. ಗೇಟಿಗೆ ಸಂವೇದಕ ಕೂರಿಸಲು ಹಣ ಇಡುವವರು ಚೈನಿನ ದುರಸ್ತಿಗೂ, ಅದನ್ನು ನೋಡಿಕೊಳ್ಳುವ ನೌಕರರಿಗೂ ಹಣ ಇಡಲೇಬೇಕು.

ಹಾಗಾದರೆ ಸಾಮಾನ್ಯ ಓದುಗರು ಈ ಶಾಸ್ತ್ರದಿಂದ ಏನನ್ನು ಪಡೆಯಬೇಕು? ಕಾಲುವೆಗಿರಲಿ, ವಿದ್ಯುತ್ ಜಾಲಕ್ಕಿರಲಿ, ಸಿಗ್ನಲ್ ದೀಪಗಳಿಗಿರಲಿ, ಸ್ವಯಂಚಾಲಿತ ವ್ಯವಸ್ಥೆ ಬರುತ್ತದೆ ಎಂದಾಗ ಕೇಳಲೇಬೇಕಾದ ಪ್ರಶ್ನೆಗಳನ್ನು. ಅದು ಏನನ್ನು ಅಳೆಯುತ್ತದೆ, ಎಲ್ಲಿ ನಿಂತು ಅಳೆಯುತ್ತದೆ? ತಡವನ್ನು ಲೆಕ್ಕಕ್ಕೆ ಹಿಡಿದಿದೆಯೇ? ಗುರಿಯ ಅಂಕಿಯನ್ನು ಯಾರು ಗೊತ್ತುಮಾಡಿದರು? ಅದು ತಪ್ಪಿದಾಗ ನಷ್ಟ ಯಾರದು, ಕೈಯಿಂದ ನಿಲ್ಲಿಸುವ ಅಧಿಕಾರ ಯಾರಲ್ಲಿದೆ? ಕಾಲುವೆಯ ಮಟ್ಟಿಗೆ ಉತ್ತರಗಳು ಸ್ಪಷ್ಟವಾಗಿವೆ. ಅಳತೆಗೋಲು ಕೊನೆಯ ತೂಬಿನ ಬಳಿಯೂ ಇರಬೇಕು. ಅದರ ಅಂಕಿ ಕಚೇರಿಯ ಪರದೆಯ ಮೇಲಷ್ಟೇ ಇರದೆ ಆ ತೂಬಿನ ರೈತರ ಫೋನಿಗೂ ಅದೇ ಹೊತ್ತಿಗೆ ಬರಬೇಕು. ಗುರಿಯ ಮಟ್ಟ ಎಷ್ಟೆಂದು ಹಂಗಾಮಿನ ಆರಂಭದಲ್ಲೇ ಮೇಲಿನವರೂ ಕೆಳಗಿನವರೂ ಒಟ್ಟಿಗೆ ಕೂತು ಬರೆದಿಡಬೇಕು. ಇಷ್ಟಾದರೆ 69ನೇ ಮೈಲಿಯ ಗೇಜು ಎಷ್ಟಿದೆ ಎಂದು ಕೇಳಲು ಯಾರೂ ರಸ್ತೆಯಲ್ಲಿ ಕೂರಬೇಕಾಗಿಲ್ಲ.